ಜ್ವಾಲೆ ಆರಿದರೂ ಬ್ಯಾಟರಿ ಆರಿರುವುದಿಲ್ಲ

2021ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಸ್ಪ್ರಿಂಗ್ ಎಂಬಲ್ಲಿ ಟೆಸ್ಲಾ ಕಾರೊಂದು ಮರಕ್ಕೆ ಗುದ್ದಿ ಹೊತ್ತಿಕೊಂಡಿತು, ಇಬ್ಬರು ಸತ್ತರು. ಬೆಂಕಿ ನಂದಿಸಲು ನಾಲ್ಕು ಗಂಟೆ, ಲಕ್ಷ ಲೀಟರ್‌ಗೂ ಮೀರಿದ ನೀರು ಬೇಕಾಯಿತೆಂದು ಊರೂರಿಗೂ ಸುದ್ದಿ ಹಬ್ಬಿತು. ಜ್ವಾಲೆ ಕೆಲವೇ ನಿಮಿಷಗಳಲ್ಲಿ ಅಡಗಿತ್ತು, ಉಳಿದ ಹೊತ್ತೆಲ್ಲ ಬಿಸಿಯಾಗಿದ್ದ ಬ್ಯಾಟರಿಗೆ ನೀರು ಬಿಡುತ್ತಿದ್ದೆವು ಎಂದು ಅಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥರು ಆಮೇಲೆ ತಿದ್ದಿದರು. ತಿದ್ದಿದ ಮಾತು ಮೊದಲ ಸುದ್ದಿಯಷ್ಟು ದೂರ ಹೋಗಲಿಲ್ಲ.

ಕನ್ನಡದಲ್ಲಿ ‘ಆರುವುದು’ ಎಂದರೆ ನಂದುವುದೂ ಹೌದು, ತಣ್ಣಗಾಗುವುದೂ ಹೌದು. ವಿದ್ಯುತ್ ವಾಹನದ (ಇವಿ) ಬೆಂಕಿಯಲ್ಲಿ ಇವೆರಡೂ ಒಟ್ಟಿಗೆ ಆಗುವುದಿಲ್ಲ. ನಂದಿಸಲು ಹೋದವರಿಗೆ ಅಪಾಯ ಕಾದಿರುವುದು ಈ ನಡುವಿನ ಹೊತ್ತಿನಲ್ಲೇ.

‘ಲಿಥಿಯಂ ಇದೆ, ಕರೆಂಟೂ ಇದೆ, ನೀರು ಹಾಕಲೇಬಾರದು’ ಎನ್ನುವವರು ಬಹಳ. ನೀರು ತಾಕಿದರೆ ಸಿಡಿಮಿಡಿಗೊಳ್ಳುವುದು ಲೋಹರೂಪದ ಲಿಥಿಯಂ. ವಾಹನದ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಅದು ಸಂಯುಕ್ತಗಳಲ್ಲಿ ಬೆರೆತಿರುತ್ತದೆ. ಒಂದು ಸೆಲ್ ಕಾದು ಪಕ್ಕದ ಸೆಲ್ಲನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಈ ಸರಣಿ ತುಂಡಾಗಬೇಕಾದರೆ ಶಾಖ ಇಳಿಯಬೇಕು. ಡ್ರೈ ಪೌಡರ್ ಮೇಲಿನ ಜ್ವಾಲೆಯನ್ನು ಮುಚ್ಚುತ್ತದೆಯೇ ಹೊರತು ಒಳಗಿನ ಸೆಲ್ಲನ್ನು ತಣಿಸುವುದಿಲ್ಲ. ತಣಿಸುವುದು ನೀರೇ, ಅದೂ ಧಾರಾಳವಾಗಿ. ತರಬೇತಾದ ಸಿಬ್ಬಂದಿ ಅಂತರ ಕಾಯ್ದುಕೊಂಡು ಹೋಸ್ ಹಿಡಿದರೆ ಶಾಕ್ ಹೊಡೆಯುವ ಸಂಭವ ತೀರಾ ಕಡಿಮೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕತ್ತರಿಸುವುದು, ಬ್ಯಾಟರಿ ಪೆಟ್ಟಿಗೆಗೆ ಹಾರೆ ಹಾಕುವುದು ಮಾತ್ರ ನಿಜಕ್ಕೂ ಜೀವಕ್ಕೆ ಎರವಾಗುವ ಕೆಲಸ.

ನನ್ನನ್ನು ಹೆಚ್ಚು ಕಾಡುವ ತಪ್ಪು ಕಲ್ಪನೆ ಬೇರೆಯೇ: ‘ಉರಿ ಕಾಣುತ್ತಿಲ್ಲ, ಬರೀ ಹೊಗೆ ತಾನೇ?’ ಆ ಬಿಳಿ ಹೊಗೆ ನೀರಿನ ಹಬೆಯಂತೆ ಕಾಣುತ್ತದೆ. ಅದರಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಶ್ವಾಸಕೋಶವನ್ನೇ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. 2019ರ ಏಪ್ರಿಲ್ 19ರಂದು ಅರಿಝೋನಾದ ಸರ್‌ಪ್ರೈಸ್ ನಗರದಲ್ಲಿ ವಿದ್ಯುತ್ ಶೇಖರಿಸುವ ಬ್ಯಾಟರಿ ಘಟಕದಿಂದ ಹೀಗೆಯೇ ಹೊಗೆ ಬರುತ್ತಿತ್ತು. ಸಿಬ್ಬಂದಿ ಗಂಟೆಗಟ್ಟಲೆ ಕಾದು, ಅಳತೆ ಮಾಡಿ, ಬಾಗಿಲು ತೆರೆದರು. ಒಳಗೆ ಕಟ್ಟಿಕೊಂಡಿದ್ದ ಅನಿಲ ಸ್ಫೋಟಿಸಿ ನಾಲ್ವರು ತೀವ್ರವಾಗಿ ಗಾಯಗೊಂಡರು. ಅದು ವಾಹನವಲ್ಲ, ನಿಜ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟೂ ಗಾಳಿಯಾಡದ ಕೋಣೆಯೇ ಅಲ್ಲವೇ? 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಕೆಳಗೆ ವಿದ್ಯುತ್ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್. ಮಳಿಗೆಗೆ ಬಿದ್ದ ಬೆಂಕಿಯ ಹೊಗೆ ಮೇಲೇರಿತು. ಎಂಟು ಜನ ಸತ್ತರು. ಅದಕ್ಕೇ ಹೇಳುವುದು, ಉರಿ ಅಡಗಿತೆಂದು ಉಸಿರಾಟದ ಉಪಕರಣದ (ಬಿಎ ಸೆಟ್) ಮುಖವಾಡ ಸರಿಸಿ ಉಸಿರೆಳೆಯುವಂತಿಲ್ಲ. ಉಡುಪು ತೊಳೆದು ಮುಗಿಸುವವರೆಗೂ ಅದು ಮುಖದ ಮೇಲೇ ಇರಬೇಕು.

‘ಕೀ ತೆಗೆದರೆ ಗಾಡಿ ಸತ್ತಂತೆ’ ಎಂಬುದೂ ಸುಳ್ಳು. ನುಜ್ಜಾದ ಬ್ಯಾಟರಿಯಲ್ಲೂ ವಿದ್ಯುತ್ ಉಳಿದಿರುತ್ತದೆ. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಅಪಘಾತಕ್ಕೀಡಾದ ಕಾರಿನ ಬ್ಯಾಟರಿ ಐದು ದಿನದ ಮೇಲೆ ಯಾರ್ಡಿನಲ್ಲಿ ಮತ್ತೆ ಹೊತ್ತಿತು. 2011ರಲ್ಲಿ ಡಿಕ್ಕಿ ಪರೀಕ್ಷೆಗೆ ಒಳಗಾದ ಷೆವರ್ಲೆ ವೋಲ್ಟ್ ಕಾರೊಂದು ಹೊತ್ತಿದ್ದು ಮೂರು ವಾರದ ನಂತರ. ಹಾಗಾಗಿ ಥರ್ಮಲ್ ಕ್ಯಾಮೆರಾದಲ್ಲಿ ಬಿಸಿ ನೋಡದೆ ಸ್ಥಳ ಬಿಡಬಾರದು. ಟೋಯಿಂಗ್ ಚಾಲಕನಿಗೆ ಇದು ಬೆಂದ ಬ್ಯಾಟರಿ ಎಂದು ಬಾಯಿಬಿಟ್ಟು ಹೇಳಬೇಕು. ಇಳಿಸುವ ಜಾಗದಲ್ಲಿ ಸುತ್ತ 15 ಮೀಟರ್ ಖಾಲಿ ಇರಬೇಕು. ನಮ್ಮ ಪೊಲೀಸ್ ಠಾಣೆಗಳ ಆವರಣದಲ್ಲಿ ಜಪ್ತಿ ಮಾಡಿದ ಗಾಡಿಗಳು ಹ್ಯಾಂಡಲಿಗೆ ಹ್ಯಾಂಡಲ್ ತಾಗಿಸಿಕೊಂಡು ನಿಂತಿರುತ್ತವೆ. ಸುಟ್ಟ ಇವಿಯನ್ನು ತಂದು ಆ ಸಾಲಿಗೆ ಸೇರಿಸಬೇಡಿ.