ಫೋನಿನ ತರಗತಿಯಲ್ಲಿ ಮಕ್ಕಳ ಪಾಠದ ಕೆಲಸ: ಮನೆಯವರು ತಿಳಿದಿರಬೇಕಾದ ಸಂಗತಿಗಳು



2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದ ಮೇಲೆ, ಮಕ್ಕಳ ಮನೆಗೆಲಸವು ಫೋನಿನ ಮೂಲಕ ಬರುವ ಪದ್ಧತಿಯು ನಮ್ಮ ಹಳ್ಳಿಗಳಿಗೂ ಬಂದಿತು. ಶಾಲೆಗಳು ಪುನಃ ತೆರೆದರೂ ಕೆಲವು ಶಾಲೆ-ಕಾಲೇಜುಗಳಲ್ಲಿ ಅದು ಉಳಿದಿದೆ. ಇದಕ್ಕೆ ಬಳಸುವ ಸಾಧನಗಳಲ್ಲಿ 2014ರಲ್ಲಿ ಹೊರಬಂದ ಗೂಗಲ್ ಕ್ಲಾಸ್‌ರೂಮ್ ಮುಖ್ಯವಾದುದು. "ಹುಡುಗ ರಾತ್ರಿ ಕೂತು ಬರೆದಿದ್ದಾನೆ, ಆದರೂ ಬರೆದಿಲ್ಲವೆಂದು ಶಾಲೆಯಲ್ಲಿ ಹೇಳುತ್ತಾರೆ" ಎಂಬ ಮಾತು ಹಲವು ಮನೆಗಳಲ್ಲಿ ಉಂಟು. ಇದರಲ್ಲಿ ಹುಡುಗನದೂ ಅಧ್ಯಾಪಕರದೂ ತಪ್ಪಿರಬೇಕೆಂದಿಲ್ಲ. ಮಾಡಿದ ಕೆಲಸ ಬೇರೆ, ಮುಟ್ಟಿಸಿದ ಕೆಲಸ ಬೇರೆ.

ಶಂಕರಪುರದ ಸುತ್ತಿನ ಮಲ್ಲಿಗೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊಗ್ಗು ಎಷ್ಟು ಚೆನ್ನಾಗಿದ್ದರೂ ರಾಶಿ ಹಾಕಿ ಕಳುಹಿಸಿದರೆ ನಡೆಯದು. ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು. ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿರಬೇಕು. ಹೊತ್ತು ಮೀರುವ ಮೊದಲು ಕಟ್ಟೆಗೆ ಮುಟ್ಟಬೇಕು. ಪಾಠದ ಕೆಲಸಕ್ಕೂ ವಿಂಗಡಣೆ, ಲೆಕ್ಕ, ಹೊತ್ತು ಎಂಬ ಈ ಮೂರೇ ನಿಯಮಗಳು.

ತರಗತಿಯ ಒಳಗೆ ಏನಿರುತ್ತದೆ?

ಅಧ್ಯಾಪಕರು ಕೊಟ್ಟ ಸಂಕೇತವನ್ನು ಒತ್ತಿ ಮಗುವು ತರಗತಿಯನ್ನು ಸೇರುತ್ತದೆ. ಅಲ್ಲಿ 'ಕ್ಲಾಸ್‌ವರ್ಕ್' ಎಂಬ ಪುಟದಲ್ಲಿ ಕೆಲಸಗಳು ಇರುತ್ತವೆ. ಅವುಗಳನ್ನು ಅಧ್ಯಾಪಕರು 'ಟಾಪಿಕ್' ಎಂಬ ತಲೆಬರಹಗಳ ಕೆಳಗೆ ಬೇರೆ ಬೇರೆಯಾಗಿ ಇಡಬಹುದು. ಇದು ಒಂದೊಂದು ತಳಿಯ ಬೀಜದ ಮುಡಿಗೆ ಒಂದೊಂದು ಚೀಟಿ ಕಟ್ಟಿಟ್ಟಂತೆ. ಪಾಠಕ್ಕೊಂದು ತಲೆಬರಹ, ಕೆಲಸಕ್ಕೊಂದು ಕ್ರಮಸಂಖ್ಯೆ ಇದ್ದರೆ ಮಗು ಹುಡುಕುತ್ತ ಕುಳಿತುಕೊಳ್ಳಬೇಕಾಗಿಲ್ಲ. ಸಂಖ್ಯೆಯನ್ನು 01, 02 ಎಂದು ಎರಡಂಕಿಯಲ್ಲಿ ಬರೆಯುವುದು ಒಳ್ಳೆಯದು. 1, 2 ಎಂದು ಬರೆದರೆ ಹೆಸರಿನ ಕ್ರಮದಲ್ಲಿ ಜೋಡಿಸುವ ಕೆಲವು ಪಟ್ಟಿಗಳಲ್ಲಿ 10 ಎಂಬುದು 2ಕ್ಕಿಂತ ಮೊದಲು ಬಂದು ಕ್ರಮ ತಪ್ಪುತ್ತದೆ. ಪೋಷಕರ ಸಭೆಯಲ್ಲಿ ಅಧ್ಯಾಪಕರೊಡನೆ ಈ ಮಾತನ್ನು ಗೌರವದಿಂದ ಪ್ರಸ್ತಾಪಿಸಬಹುದು.

ಗಡುವಿನ ವಿಷಯ

ಪ್ರತಿ ಕೆಲಸಕ್ಕೂ ಗಡುವಿನ ದಿನಾಂಕವನ್ನು ಇಡಬಹುದು. ದಿನಾಂಕ ಮಾತ್ರ ಕೊಟ್ಟು ಗಂಟೆ ಕೊಡದಿದ್ದರೆ ಆ ದಿನ ರಾತ್ರಿ 11 ಗಂಟೆ 59 ನಿಮಿಷದ ತನಕ ಅವಕಾಶವಿರುತ್ತದೆ. ಇಷ್ಟು ಹೊತ್ತು ಉಂಟೆಂದು ಕೊನೆಯ ಗಳಿಗೆಗೆ ಇಟ್ಟುಕೊಳ್ಳಬಾರದು. ಕಾರ್ಕಳ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲದ ರಾತ್ರಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದು ಎಲ್ಲರಿಗೂ ಗೊತ್ತು. ಹಿಂದಿನ ದಿನವೇ ಗಡುವು ಎಂದು ತಿಳಿದು ನಡೆಯುವುದು ಕ್ಷೇಮ.

ಮನೆಯಲ್ಲಿ ಮಾಡತಕ್ಕ ಕೆಲಸಗಳು

1. ಒಂದೇ ಫೋನಿನಲ್ಲಿ ತಂದೆಯ ಖಾತೆ, ಮಣಿಪಾಲದಲ್ಲಿ ಕಲಿಯುವ ಅಕ್ಕನ ಖಾತೆ, ತಮ್ಮನ ಖಾತೆ ಮೂರೂ ಇರಬಹುದು. ತರಗತಿಯನ್ನು ತೆರೆಯುವಾಗ ಯಾರ ಖಾತೆ ಎಂದು ಮೊದಲು ನೋಡಬೇಕು. ಬೇರೆ ಖಾತೆಯಿಂದ ಕಳುಹಿಸಿದ ಕೆಲಸ ಮಗುವಿನ ಹೆಸರಿಗೆ ಸೇರದು.

2. ಬರೆದ ಹಾಳೆಯ ಚಿತ್ರವನ್ನು ಹಗಲು ಜಗಲಿಯ ಬೆಳಕಿನಲ್ಲಿ ತೆಗೆಯಬೇಕು. ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಸೌಕರ್ಯದಿಂದ ಹಲವು ಹಾಳೆಗಳನ್ನು ಒಂದೇ ಪಿಡಿಎಫ್ ಮಾಡಬಹುದು. ಅದಕ್ಕೆ ಹೆಸರು, ವಿಷಯ, ಕ್ರಮಸಂಖ್ಯೆ ಬರೆಯಬೇಕು.

3. ಚಿತ್ರವನ್ನು ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 'ಟರ್ನ್ ಇನ್' ಎಂಬುದನ್ನು ಒತ್ತಿ, 'ಟರ್ನ್ಡ್ ಇನ್' ಎಂದು ತೋರಿದ ಮೇಲೆಯೇ ಅದು ಮುಟ್ಟಿದಂತೆ. 'ಅಸೈನ್ಡ್' ಎಂದಿದ್ದರೆ ಬಾಕಿ ಉಂಟೆಂದು ಅರ್ಥ. 'ಮಿಸ್ಸಿಂಗ್' ಎಂದಿದ್ದರೆ ಗಡುವು ದಾಟಿದೆ. ತಿದ್ದಲು 'ಅನ್‌ಸಬ್ಮಿಟ್' ಮಾಡಿ ಹಿಂದಕ್ಕೆ ತೆಗೆದುಕೊಂಡರೆ ಪುನಃ ಸಲ್ಲಿಸಲು ಮರೆಯಕೂಡದು.

4. ಭಾನುವಾರ ಸಂಜೆ 'ಟು-ಡು' ಪಟ್ಟಿಯನ್ನು ನೋಡಿ ವಾರದ ಕೆಲಸಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ನೇಜಿ ನೆಡುವ ದಿನಗಳಲ್ಲಿ ಫೋನು ತಂದೆಯೊಡನೆ ಗದ್ದೆಗೆ ಹೋದರೂ, ಕಾಪುವಿನ ಕಡಲ ಕರೆಯ ಮನೆಗಳಲ್ಲಿ ಮೀನುಗಾರಿಕೆಗೆ ಹೋದರೂ, ಮಗುವಿಗೆ ಮಾಡಬೇಕಾದುದು ಕಣ್ಣೆದುರಿಗೆ ಇರುತ್ತದೆ. ಬರೆಯುವುದಕ್ಕೆ ಫೋನು ಬೇಕಾಗದು. ಸಲ್ಲಿಸುವುದಕ್ಕೆ ಹತ್ತು ನಿಮಿಷ ಸಾಕು.

5. ಗೂಗಲ್‌ನ ಸ್ವಂತ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ ಜಾಗ. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಅದೇ. ಮದುವೆ, ಕೋಲಗಳ ವಿಡಿಯೋಗಳಿಂದ ಅದು ತುಂಬಿದರೆ ಪಾಠದ ಕಡತಕ್ಕೆ ಜಾಗವಿಲ್ಲದೆ ಹೋದೀತು. ಬೇಡವಾದುದನ್ನು ಆಗಾಗ ತೆಗೆಯಬೇಕು.

ಶಾಲೆಯೇ ಕೊಟ್ಟ ಶಿಕ್ಷಣ ಖಾತೆಯಾಗಿದ್ದು, ಶಾಲೆಯವರು ಸೌಕರ್ಯವನ್ನು ತೆರೆದಿದ್ದರೆ, ಬಾಕಿ ಕೆಲಸದ ಸಾರಾಂಶವನ್ನು ಪೋಷಕರು ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಇಮೇಲ್ ಮೂಲಕ ಪಡೆಯಬಹುದು. ಇದನ್ನು ವಿಚಾರಿಸಿ ತಿಳಿಯಿರಿ.

ಫೋನೇ ಇಲ್ಲದ ಮನೆಗಳೂ ಉಂಟೆಂಬುದನ್ನು ಮರೆಯಬಾರದು. 2020ರ ಆಗಸ್ಟ್‌ನಲ್ಲಿ ಸರಕಾರವು 'ವಿದ್ಯಾಗಮ' ಯೋಜನೆಯನ್ನು ತಂದು ಅಧ್ಯಾಪಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿದ್ದು ಈ ಕೊರತೆಗಾಗಿಯೇ. ರೋಗದ ಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಂಥ ಮನೆಯವರು ಸಂಕೋಚಪಡದೆ ಅಧ್ಯಾಪಕರಿಗೆ ತಿಳಿಸಿ, ಕಾಗದದಲ್ಲಿಯೇ ಕೆಲಸ ಒಪ್ಪಿಸಲು ಅನುಮತಿ ಕೇಳಬೇಕು. ನೆರೆಮನೆಯವರು ವಾರಕ್ಕೊಮ್ಮೆ ತಮ್ಮ ಫೋನಿನಲ್ಲಿ ಪಟ್ಟಿ ನೋಡಲು ಬಿಟ್ಟರೂ ದೊಡ್ಡ ಉಪಕಾರ.

ಓದು ಬಾರದ ತಾಯಿಯೂ ಒಂದು ಪ್ರಶ್ನೆಯನ್ನು ಕೇಳಬಹುದು: "ಬರೆದಿಯಾ?" ಎಂದಲ್ಲ, "ಮುಟ್ಟಿತಾ, ತೋರಿಸು" ಎಂದು. ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಈ ಮಾತು ಕೇಳುವ ರೂಢಿಯನ್ನು ಇಂದಿನಿಂದಲೇ ಇಟ್ಟುಕೊಳ್ಳಬೇಕಾಗಿ ವಿನಂತಿ.

— ಗ್ರಾಮಸೇವಕ