ನಿಮಗಿದು ಗೊತ್ತೇ? ಕ್ಲಚ್ ಪೆಡಲ್ ಇಲ್ಲದ ಕಾರಿನ ಗುಟ್ಟು

ಆಟೊಮ್ಯಾಟಿಕ್ ಕಾರನ್ನು ‘ಡಿ’ಗೆ ಹಾಕಿ ಬ್ರೇಕಿನಿಂದ ಕಾಲೆತ್ತಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಅದು ಮೆಲ್ಲಗೆ ತೆವಳುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಾದರೆ ಅದನ್ನು ಮುಂದಕ್ಕೆ ನೂಕುತ್ತಿರುವುದು ಎಣ್ಣೆ! ಎಂಜಿನ್ ಜೊತೆಗೇ ತಿರುಗುವ ಇಂಪೆಲ್ಲರ್‌ನ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ. ಎದುರಿಗಿರುವ ಟರ್ಬೈನ್ ಆ ಹೊಡೆತಕ್ಕೆ ತಿರುಗಿ ಗೇರ್‌ಬಾಕ್ಸನ್ನು ತಿರುಗಿಸುತ್ತದೆ.

ಈ ಯಂತ್ರ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿ ಟರ್ಬೈನಿಗೆ ಭಾರಿ ವೇಗ ಬೇಕು, ಹಡಗಿನ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಬೇಕು. ಇವೆರಡನ್ನೂ ಹೊಂದಿಸಲು ಹೊರಟ ಜರ್ಮನ್ ಎಂಜಿನಿಯರ್ ಹರ್ಮಾನ್ ಫಾಟಿಂಗರ್ 1905ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು.

ಇಂಪೆಲ್ಲರ್‌ನಲ್ಲೂ ಟರ್ಬೈನಿನಲ್ಲೂ ರೆಕ್ಕೆಗಳ ಸಂಖ್ಯೆ ಒಂದೇ ಇರುವುದಿಲ್ಲ. ಒಂದರಲ್ಲಿ 31 ಇದ್ದರೆ ಇನ್ನೊಂದರಲ್ಲಿ 29 ಎನ್ನುವಂತೆ ಬೇಕೆಂದೇ ಬೇರೆ ಮಾಡುತ್ತಾರೆ. ಎಲ್ಲ ರೆಕ್ಕೆಗಳೂ ಒಟ್ಟಿಗೆ ಎದುರುಬದುರಾದರೆ ಕಂಪನ, ಕೂಗು ಶುರು.

ಕಾರಿನ ಸ್ವಭಾವವನ್ನೇ ಬದಲಿಸುವುದು ಇಂಪೆಲ್ಲರ್ ರೆಕ್ಕೆಯ ಹೊರತುದಿಯ ಬಾಗು. ತುದಿ ತಿರುಗುವ ದಿಕ್ಕಿಗೇ ಬಾಗಿದ್ದರೆ ಎಣ್ಣೆ ಹೆಚ್ಚು ಸುಳಿಯೊಂದಿಗೆ ಹೊರಬೀಳುತ್ತದೆ. ಎಂಜಿನ್ ಮೇಲೆ ಕಡಿಮೆ ಆರ್‌ಪಿಎಂನಲ್ಲೇ ಭಾರ ಬೀಳುತ್ತದೆ. ಹಿಂದಕ್ಕೆ ಬಾಗಿದ್ದರೆ ಎಂಜಿನ್ ಮೊದಲು ಸಲೀಸಾಗಿ ಮೇಲೇರಿ, ಆಮೇಲೆ ಎಳೆತ ಹಿಡಿಯುತ್ತದೆ. ಡ್ರ್ಯಾಗ್ ರೇಸಿನವರಿಗೆ ಬೇಕಾದದ್ದು ಇದೇ. ಹೊರಗಿನ ಅಳತೆ ಹಾಗೇ ಇಟ್ಟು ಈ ಕೋನವೊಂದನ್ನೇ ಬದಲಿಸಿ ಬೇರೊಂದು ಎಂಜಿನಿಗೆ ಹೊಂದಿಸಬಹುದು. ಕಂಪನಿಗಳ ಜಾಹೀರಾತಿನಲ್ಲಿ ಅಶ್ವಶಕ್ತಿಗೆ ಸಿಗುವ ಜಾಗದಲ್ಲಿ ಕಾಲುಭಾಗವೂ ಈ ಬಾಗಿಗೆ ಸಿಗುವುದಿಲ್ಲ, ಅನ್ಯಾಯವೇ ಸರಿ.

ಅಳತೆಯ ಆಟ ಇನ್ನೂ ವಿಚಿತ್ರ. ಇಂಪೆಲ್ಲರ್ ಹೀರುವ ಟಾರ್ಕ್ ಅದರ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಶೇ 10ರಷ್ಟು ಹೆಚ್ಚಿದರೆ, ಅದೇ ವೇಗದಲ್ಲಿ ಟಾರ್ಕ್ ಶೇ 61ರಷ್ಟು ಹೆಚ್ಚು!

ಹೆಸರಿನಲ್ಲಿರುವ ‘ಕನ್ವರ್ಟರ್’ ಕೆಲಸ ಮಾಡುವುದು ನಡುವಿನ ಪುಟ್ಟ ಸ್ಟೇಟರ್. ಟರ್ಬೈನಿನಿಂದ ತಿರುಗುಮುರುಗಾಗಿ ಬರುವ ಎಣ್ಣೆಯನ್ನು ಅದು ಸರಿದಿಕ್ಕಿಗೆ ತಿರುಗಿಸಿ ಇಂಪೆಲ್ಲರ್‌ಗೆ ಒಪ್ಪಿಸುತ್ತದೆ. ಅದರಿಂದಲೇ ಕಾರು ಹೊರಡುವ ಗಳಿಗೆಯಲ್ಲಿ ಎಂಜಿನಿನ ಟಾರ್ಕ್ ಸುಮಾರು ಇಮ್ಮಡಿಯಾಗುವುದು.

1948ರಲ್ಲಿ ಅಮೆರಿಕದ ಬ್ಯೂಕ್ ಕಂಪನಿ ಡೈನಾಫ್ಲೋ ಎಂಬ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ತಂದಿತು. ಬೆಣ್ಣೆಯಷ್ಟು ನುಣುಪು, ಆದರೆ ಮಂದ. 1955ರ ಮಾದರಿಗಳಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಸ್ಟೇಟರ್ ರೆಕ್ಕೆಗಳೇ ಕೋನ ಬದಲಿಸುವ ಏರ್ಪಾಡು ಬಂತು.

ಆ ಕಾಲದ ಗೇರ್‌ಬಾಕ್ಸ್ ಎಣ್ಣೆಯಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅದು ನಿಂತದ್ದು 1970ರ ದಶಕದಲ್ಲಿ.

ಆಟೊಮ್ಯಾಟಿಕ್ ಕಾರು ಹತ್ತಿಲ್ಲವೇ? ನಿಮ್ಮೂರಿನಲ್ಲಿ ಮಣ್ಣು ಅಗೆಯುವ ಜೆಸಿಬಿಯೊಳಗೂ ಟಾರ್ಕ್ ಕನ್ವರ್ಟರ್ ಇದೆ. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯ ದೊಡ್ಡ ಬುಲ್ಡೋಜರ್‌ಗಳಲ್ಲೂ ಇದೆ.

ಕೊನೆಗೊಂದು ಕಿವಿಮಾತು. ಘಾಟಿಯ ಏರಿನಲ್ಲಿ ಟ್ರಾಫಿಕ್ ನಿಂತಾಗ ಆಟೊಮ್ಯಾಟಿಕ್ ಕಾರನ್ನು ಆಕ್ಸಿಲರೇಟರ್ ಒತ್ತಿ ಹಿಂದೆ ಜಾರದಂತೆ ಹಿಡಿಯಬೇಡಿ. ಟರ್ಬೈನ್ ನಿಂತು ಇಂಪೆಲ್ಲರ್ ತಿರುಗುತ್ತಿದ್ದರೆ ಅದರ ಶಕ್ತಿಯೆಲ್ಲ ಎಣ್ಣೆ ಕಾಯಿಸುವುದಕ್ಕೇ ಖರ್ಚು. ಬ್ರೇಕ್ ಹಿಡಿಯಿರಿ.