ನೀರು ಬಂತು, ಗೊಬ್ಬರ ದೂರವಾಯಿತು

ಕಾಲುವೆ ಬರುವ ಮೊದಲು ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಎರೆಹೊಲಗಳಲ್ಲಿ ಬೆಳೆಯುತ್ತಿದ್ದುದು ಹಿಂಗಾರಿ ಬಿಳಿಜೋಳ, ಕಡಲೆ, ಹತ್ತಿ. ಮಸಾರಿಯಲ್ಲಿ ಸಜ್ಜೆ, ತೊಗರಿ. ಬೇಸಿಗೆಯಲ್ಲಿ ತಿಪ್ಪೆಗೊಬ್ಬರದ ಬಂಡಿಗಳು ಹೊಲ ಸೇರುತ್ತಿದ್ದವು. ಕುರಿಗಾರರಿಗೆ ಕಾಳು ಕೊಟ್ಟು ಹಿಂಡು ತರುಬಿಸುತ್ತಿದ್ದರು. ಬೆಳೆ ಮಳೆಯ ಕೈಯಲ್ಲಿದ್ದರೂ ಮಣ್ಣಿನ ಕಸುವು ರೈತನ ಕೈಯಲ್ಲೇ ಇತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಆಂಧ್ರದ ಕರಾವಳಿಯಿಂದ ಬಂದ ಕುಟುಂಬಗಳು ಜಮೀನು ಕೊಂಡು, ಕ್ಯಾಂಪ್‌ಗಳನ್ನು ಕಟ್ಟಿಕೊಂಡು ಭತ್ತ ನಾಟಿ ಮಾಡಿದವು. ಲಾಭ ಕಂಡ ಊರವರೂ ಅದೇ ದಾರಿ ಹಿಡಿದರು. ಸಿಂಧನೂರು ಭತ್ತದ ಕಣಜವಾಯಿತು; ಮೇಲ್ಭಾಗದಲ್ಲೇ ನೀರು ಖರ್ಚಾಗಿ ಕೆಳಭಾಗದವರು ಕಾಯುವಂತಾಯಿತು.

ಎರೆಮಣ್ಣಿನಲ್ಲಿ ನೀರು ಬಸಿಯುವುದು ನಿಧಾನ. ವರ್ಷಕ್ಕೆರಡು ಬಾರಿ ಗದ್ದೆ ತುಂಬಿದಾಗ ಅಂತರ್ಜಲ ಮೇಲೇರಿತು, ಜೊತೆಗೆ ಉಪ್ಪೂ ಬಂತು. ಸವಳು-ಜವಳು ಹಬ್ಬಿತು. ಇತ್ತ ಟ್ರ್ಯಾಕ್ಟರ್ ಬಂದು ಎತ್ತು ಹೋದವು, ತಿಪ್ಪೆ ಕರಗಿತು. ಕೊಯ್ಲಿನ ಯಂತ್ರ ಬಿಟ್ಟುಹೋದ ಹುಲ್ಲಿಗೆ ಬೆಂಕಿ ಬಿತ್ತು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5–6 ಕೆ.ಜಿ. ಸಾರಜನಕವಿರುತ್ತದೆ, ಸುಟ್ಟರೆ ಅದು ಬಹುಪಾಲು ಗಾಳಿಪಾಲು.

ಮಣ್ಣಿನ ಕಸುವು ಮರಳಿ ಬರುವ ದಾರಿಯಲ್ಲಿ ಮೊದಲ ಕೆಲಸ ಬಸಿಗಾಲುವೆ. ಉಪ್ಪು ಹೊರಗೆ ಹೋಗದ ಹೊರತು ಎಷ್ಟು ಗೊಬ್ಬರ ಹಾಕಿದರೂ ಸವಳು ಬಿಡದು. ಆಮೇಲೆ ಉಪ್ಪನ್ನು ತಾಳಿಕೊಳ್ಳುವ ಹಸಿರೆಲೆ ಗೊಬ್ಬರದ ಬೆಳೆ ಡಯಂಚ: ಬಿತ್ತಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ನಾಟಿ ಬಿಟ್ಟು ಕೂರಿಗೆಯಿಂದ ಭತ್ತ ಬಿತ್ತುವುದನ್ನು ಪ್ರಚಾರ ಮಾಡಿದೆ. ಲಿಂಗಸುಗೂರಿನ ಖುಷ್ಕಿ ಹೊಲಕ್ಕೆ ಬೇರೆ ಮದ್ದು: ಬದು, ಕೃಷಿಹೊಂಡ, ತೊಗರಿಯ ಉದುರೆಲೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಕಾಲುವೆಯನ್ನೇ ನಂಬಿ ಕೂರುವ ಕಾಲ ಮುಗಿಯಿತು. ಸಾವಯವ ಅಂಶವಿರುವ ಮಣ್ಣು ತೇವ ಹಿಡಿದಿಟ್ಟು, ನೀರು ತಪ್ಪಿದಾಗ ಬೆಳೆಗೆ ಕೆಲವು ದಿನ ಹೆಚ್ಚು ಕೊಡುತ್ತದೆ.

ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಕಾಲುವೆಗೆ ನೀರು ಬಿಟ್ಟ ಮೇಲೆ ಡಯಂಚಕ್ಕಾಗಿ 45 ದಿನ ಕಾಯುವ ರೈತನಿಲ್ಲ. ಮುಂಗಾರಿಗೆ ಮುಂಚಿನ ಮಳೆಯಲ್ಲೇ ಬಿತ್ತಬೇಕು. ಹಾಗಾಗಬೇಕಾದರೆ ಬೀಜ ಮೇ ತಿಂಗಳಲ್ಲೇ ರೈತ ಸಂಪರ್ಕ ಕೇಂದ್ರದಲ್ಲಿರಬೇಕು.